ನೋಟದಲ್ಲೇ ಬೆರೆತ ಭಯ: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ಭಾವ ಕೆರಳಿಸುವ ಚಿತ್ರಗಳನ್ನು ಮಿದುಳು ಹೇಗೆ ಗ್ರಹಿಸುತ್ತದೆ ಎಂಬ ನಿಮ್ಮ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಈ ವಿಷಯವನ್ನು ನೀವು ಕೈಬಿಡಬಾರದು ಎಂಬ ಆಸೆಯಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ವಾದವೆಲ್ಲ ನಿಂತಿರುವುದು, ಕಣ್ಣು ಮತ್ತು ದೃಷ್ಟಿ ಕಾರ್ಟೆಕ್ಸ್ (ಕಂಡದ್ದನ್ನು ಸಂಸ್ಕರಿಸುವ ಮಿದುಳಿನ ಹೊರಪದರದ ಭಾಗ) ಬರಿಯ ಚಿತ್ರವನ್ನು ಒದಗಿಸುತ್ತವೆ, ಭಾವನೆಯನ್ನು ಅದಕ್ಕೆ ಸೇರಿಸುವುದು ಮಿದುಳಿನ ಆಳದಲ್ಲಿರುವ ಅಮಿಗ್ಡಲ ಎಂಬ ಪುಟ್ಟ ಭಾಗ ಎಂಬ ವಿಂಗಡಣೆಯ ಮೇಲೆ. ಇದು ಸಾಲದು. ಅಮಿಗ್ಡಲದಿಂದ ದೃಷ್ಟಿಯ ಭಾಗಗಳಿಗೆ ಹಿಂದಿರುಗುವ ನರತಂತುಗಳಿವೆ. ಹೆದರಿದ ಮುಖವನ್ನು ಕಂಡಾಗ, ಮುಖ ಗುರುತಿಸಲು ನೆರವಾಗುವ ಫ್ಯೂಸಿಫಾರ್ಮ್ ಭಾಗ ಸಾಮಾನ್ಯ ಮುಖಕ್ಕಿಂತ ಹೆಚ್ಚು ಚುರುಕಾಗುತ್ತದೆ. ಅಮಿಗ್ಡಲಕ್ಕೆ ಹಾನಿಯಾದವರಲ್ಲಿ ಆ ಹೆಚ್ಚಳ ಕಾಣಲಿಲ್ಲವೆಂದು ಪ್ಯಾಟ್ರಿಕ್ ವುಯಿಲ್ಯೂಮಿಯೇ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. 2019ರಲ್ಲಿ ಫಿಲಿಪ್ ಕ್ರಾಗಲ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಚಿತ್ರ ನೋಡುತ್ತಿದ್ದವರ ದೃಷ್ಟಿ ಕಾರ್ಟೆಕ್ಸಿನ ಚಟುವಟಿಕೆಯಿಂದಲೇ ಭಾವದ ಹಲವು ಬಗೆಗಳನ್ನು ಬೇರ್ಪಡಿಸಿ ಗುರುತಿಸಬಹುದೆಂದು ಕಂಡುಕೊಂಡರು. ಅಂದರೆ ನೋಡುವ ಕೆಲಸದಲ್ಲೇ ಭಾವದ ಪಾಲಿದೆ. ನಿಮ್ಮ ಲೇಖನದ ಬೆನ್ನೆಲುಬಾಗಬೇಕಾದದ್ದು ಈ ಮಾತು.

‘ನೋಡುವ ಮೊದಲೇ ಹೆದರುತ್ತೇವೆ’ ಎಂಬ ನಿಮ್ಮ ಉಪಶೀರ್ಷಿಕೆಯನ್ನೂ ತೆಗೆಯಬೇಕಾಗುತ್ತದೆ. ಕಾರ್ಟೆಕ್ಸನ್ನು ಬಳಸದೆ ನೇರವಾಗಿ ಅಮಿಗ್ಡಲಕ್ಕೆ ಹೋಗುವ ಒಳದಾರಿಯನ್ನು ನರವಿಜ್ಞಾನಿ ಜೋಸೆಫ್ ಲೆಡೂ ಮುಖ್ಯವಾಗಿ ತೋರಿಸಿದ್ದು ಇಲಿಗಳಲ್ಲಿ, ಅದೂ ಸದ್ದಿಗೆ ಹೆದರಲು ಕಲಿಸಿದ ಪ್ರಯೋಗಗಳಲ್ಲಿ. ಮನುಷ್ಯನ ದೃಷ್ಟಿಗೆ ಅದು ಎಷ್ಟು ಅನ್ವಯಿಸುತ್ತದೆ ಎಂಬ ಚರ್ಚೆ ಮುಗಿದಿಲ್ಲ. ನೀವು ಆಧಾರವಾಗಿ ಕೊಟ್ಟಿರುವ, ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಅಳೆಯುವುದು ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು, ಆ ಏರಿಳಿತಕ್ಕೆ ಕೆಲವು ಸೆಕೆಂಡುಗಳೇ ಬೇಕು. ಅದರಿಂದ ಮಿಲಿಸೆಕೆಂಡುಗಳ ಹಿಂದು-ಮುಂದನ್ನು ತೀರ್ಮಾನಿಸಲಾಗದು. ಅದಕ್ಕೆ ಮಿದುಳಿನ ವಿದ್ಯುತ್ ಸಂಕೇತಗಳನ್ನು ಹಿಡಿದಿಡುವ ಇಇಜಿ ದಾಖಲೆಗಳನ್ನು ನೋಡಿ: ಭಾವತುಂಬಿದ ಚಿತ್ರಕ್ಕೂ ಸಪ್ಪೆ ಚಿತ್ರಕ್ಕೂ ಇರುವ ಅತ್ಯಂತ ಸ್ಪಷ್ಟವಾದ ವ್ಯತ್ಯಾಸಗಳಲ್ಲಿ ಒಂದು, ಚಿತ್ರ ಕಂಡು ಸುಮಾರು 400 ಮಿಲಿಸೆಕೆಂಡು ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ.

ಇನ್ನು, ನೀವು ಒಂದೇ ಸಾಲಿನಲ್ಲಿ ದಾಟಿಹೋದ, ಮುಂಬಯಿಯ ವಡಾಲಾ ರೈಲು ನಿಲ್ದಾಣದ ಪ್ರಸಂಗಕ್ಕೆ ಬರುತ್ತೇನೆ. 2010ರ ಸುಮಾರಿಗೆ, ಹಳಿ ದಾಟುವವರನ್ನು ತಡೆಯಲೆಂದು ಅಲ್ಲಿ ಹಾಕಿದ್ದ ಫಲಕದಲ್ಲಿ ಎಚ್ಚರಿಕೆಯ ಬರಹವಿರಲಿಲ್ಲ. ರೈಲು ಮೈಮೇಲೆ ಬರುತ್ತಿರುವಾಗ ಒಬ್ಬ ಮನುಷ್ಯನ ಮುಖ ಭಯದಿಂದ ಬಿರಿಯುವ ಮೂರು ಚಿತ್ರಗಳಿದ್ದವು. ಅಗಲವಾಗಿ ತೆರೆದ ಕಣ್ಣಿನ ಬಿಳಿಯ ಭಾಗವೊಂದೇ ಅಮಿಗ್ಡಲವನ್ನು ಎಚ್ಚರಿಸಬಲ್ಲದೆಂದು ಪಾಲ್ ವೇಲನ್ ಅವರ 2004ರ ಅಧ್ಯಯನ ಹೇಳುತ್ತದೆ. ಅಮಿಗ್ಡಲ ಹಾಳಾದ, ‘ಎಸ್.ಎಂ.’ ಎಂದೇ ಪರಿಚಿತರಾದ ಮಹಿಳೆಗೆ ಮುಖದಲ್ಲಿನ ಭಯ ತಿಳಿಯುತ್ತಿರಲಿಲ್ಲ, ಏಕೆಂದರೆ ಅವರು ತಾವಾಗಿ ಕಣ್ಣುಗಳ ಕಡೆ ನೋಡುತ್ತಿರಲಿಲ್ಲ. ಕಣ್ಣುಗಳನ್ನೇ ನೋಡಿ ಎಂದಾಗ ಗುರುತಿಸಿದರು. ಈ ಎರಡನ್ನೂ ವಡಾಲಾದ ಆ ಮುಖದ ಪಕ್ಕದಲ್ಲಿಟ್ಟರೆ, ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ದಿನಾ ಲೋಕಲ್ ಹಿಡಿಯುವ ನಮ್ಮ ಓದುಗರಿಗೆ ಪಾಠದ ಅಗತ್ಯವೇ ಬೀಳುವುದಿಲ್ಲ.

ಲೇಖನವನ್ನು ಅಲ್ಲಿಂದಲೇ ಆರಂಭಿಸಿ. ಮಿದುಳಿನ ಭಾಗಗಳ ಪಟ್ಟಿ ಬೇಡ. ಅಗತ್ಯ ಬಿದ್ದಲ್ಲಿ ಮಾತ್ರ ಹೆಸರು ಬರಲಿ. ‘ಅದ್ಭುತ’, ‘ವಿಸ್ಮಯಕಾರಿ’ ಎಂಬ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ, ನಾನೇ ಓದುತ್ತೇನೆ.

ವಿಶ್ವಾಸಿ,
ಸಂಪಾದಕ, ಮುಂಬಯಿ