ರಾಸಾಯನಿಕ ಅಸ್ತ್ರ ಒಡಂಬಡಿಕೆ: ಸಹಿ ಹಾಕಿದ ಮೇಲೂ ಕಾನೂನು ಏಕೆ ಬೇಕು?

ಪ್ರಶ್ನೆ: ರಾಸಾಯನಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಡಂಬಡಿಕೆಗೆ ಜಗತ್ತಿನ ಬಹುತೇಕ ದೇಶಗಳು ಸೇರಿವೆ. ಹಾಗಿದ್ದ ಮೇಲೆ ಪ್ರತಿ ದೇಶವೂ ಅದೇ ವಿಷಯಕ್ಕೆ ಇನ್ನೊಂದು ಕಾನೂನು ಮಾಡಬೇಕೇಕೆ? ನಿಷೇಧಿತ ರಾಸಾಯನಿಕಗಳ ಪಟ್ಟಿಯೊಂದನ್ನು ರಾಜಪತ್ರದಲ್ಲಿ ಪ್ರಕಟಿಸಿದರೆ ಸಾಲದೆ?

ಉತ್ತರ: ಒಡಂಬಡಿಕೆಯು ಕಟ್ಟಿಹಾಕುವುದು ರಾಷ್ಟ್ರಗಳನ್ನು; ಆದರೆ ವಿಷವನ್ನು ತಯಾರಿಸುವವರು, ಮಾರುವವರು, ಸಾಗಿಸುವವರು ವ್ಯಕ್ತಿಗಳು ಮತ್ತು ಕಂಪನಿಗಳು. ಇವೆರಡರ ನಡುವಿನ ಅಂತರವನ್ನು ತುಂಬುವುದೇ ದೇಶದೊಳಗಿನ ಕಾನೂನಿನ ಕೆಲಸ. 1993ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಸಹಿಗೆ ತೆರೆದುಕೊಂಡು 1997ರ ಏಪ್ರಿಲ್ 29ರಂದು ಜಾರಿಗೆ ಬಂದ ಈ ಒಡಂಬಡಿಕೆಯಲ್ಲಿ ಇಂದು 193 ದೇಶಗಳಿವೆ. ಒಡಂಬಡಿಕೆ ರಾಷ್ಟ್ರಕ್ಕೆ ನಿಷೇಧಿಸಿದ್ದನ್ನು ಪ್ರತಿ ಸರ್ಕಾರವೂ ತನ್ನ ನೆಲದಲ್ಲಿರುವ ಎಲ್ಲರಿಗೂ, ಹೊರದೇಶದಲ್ಲಿರುವ ತನ್ನ ಪ್ರಜೆಗಳಿಗೂ ದಂಡನೀಯ ಅಪರಾಧವನ್ನಾಗಿಸಬೇಕು ಎಂದು ಅದರ 7ನೇ ವಿಧಿ ಹೇಳುತ್ತದೆ. ಹೇಗ್ ನಗರದಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯೊಡನೆ ವ್ಯವಹರಿಸಲು ಒಂದು ರಾಷ್ಟ್ರೀಯ ಪ್ರಾಧಿಕಾರವನ್ನು ಸ್ಥಾಪಿಸಬೇಕೆಂಬುದೂ ಅದೇ ವಿಧಿಯ ಅಪೇಕ್ಷೆ.

ಈ ಅಂತರ ತುಂಬದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಅನುಭವ ಸಾಕು. ಆ ದೇಶ 1993ರಲ್ಲೇ ಸಹಿ ಹಾಕಿತ್ತು. 1995ರ ಮಾರ್ಚ್ 20ರಂದು ಓಂ ಶಿನ್ರಿಕ್ಯೊ ಪಂಥದವರು ಟೋಕಿಯೊದ ಸುರಂಗ ರೈಲುಗಳಲ್ಲಿ ಸರಿನ್ ವಿಷವನ್ನು ಹರಡಿದರು. ಸರಿನ್ ತಯಾರಿಸುವುದನ್ನೂ ಇಟ್ಟುಕೊಳ್ಳುವುದನ್ನೂ ನೇರವಾಗಿ ಅಪರಾಧವೆಂದು ಸಾರುವ ಕಾನೂನುಗಳನ್ನು ಅಲ್ಲಿನ ಸಂಸತ್ತು ಅಂಗೀಕರಿಸಿದ್ದು ಆ ದಾಳಿಯ ನಂತರ.

ಕೆಲವು ದೇಶಗಳಲ್ಲಿ ಸಂವಿಧಾನದ ಪ್ರಕಾರ, ಸ್ಥಿರೀಕರಿಸಿದ, ಅಂದರೆ ಸಹಿಯ ನಂತರ ವಿಧಿವತ್ತಾಗಿ ಅಂತಿಮ ಒಪ್ಪಿಗೆ ಕೊಟ್ಟ ಒಪ್ಪಂದವು ತಾನಾಗಿಯೇ ನೆಲದ ಕಾನೂನಾಗುತ್ತದೆ. ಅಂಥಲ್ಲಿ ಪ್ರತ್ಯೇಕ ಶಾಸನವೇ ಬೇಡವೆಂದು ವಾದಿಸುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಯಾವ ಕೃತ್ಯಕ್ಕೆ ಎಷ್ಟು ವರ್ಷದ ಶಿಕ್ಷೆ ಎಂಬುದು ಒಡಂಬಡಿಕೆಯ ಯಾವ ಪುಟದಲ್ಲಿಯೂ ಇಲ್ಲ, ಮತ್ತು ಶಾಸನದಲ್ಲಿ ಹೇಳದ ಶಿಕ್ಷೆಯನ್ನು ನ್ಯಾಯಾಲಯ ವಿಧಿಸಲಾರದು. ಬ್ರಿಟನ್, ಭಾರತಗಳಂತಹ ದೇಶಗಳಲ್ಲಿ ಈ ಗೊಂದಲಕ್ಕೆ ಅವಕಾಶವಿಲ್ಲ; ಸಂಸತ್ತು ಶಾಸನ ಮಾಡುವವರೆಗೆ ಒಪ್ಪಂದವು ಪ್ರಜೆಗೆ ಅನ್ವಯಿಸುವುದೇ ಇಲ್ಲ. ಬ್ರಿಟನ್ 1996ರಲ್ಲಿ ಮೊದಲು ಶಾಸನ ಮಾಡಿ ಆಮೇಲೆ ಸ್ಥಿರೀಕರಿಸಿತು. ಅಮೆರಿಕ 1997ರಲ್ಲಿ ಸ್ಥಿರೀಕರಿಸಿ 1998ರಲ್ಲಿ ಶಾಸನ ಮಾಡಿತು. ಭಾರತ ಸ್ಥಿರೀಕರಿಸಿದ್ದು 1996ರಲ್ಲಿ, ಅಧಿನಿಯಮ ಬಂದದ್ದು 2000ದಲ್ಲಿ, ಅದು ಜಾರಿಯಾದದ್ದು 2005ರಲ್ಲಿ. ಬ್ರಿಟನ್ನಿನ ಕ್ರಮವೇ ಮೇಲೆಂಬುದು ನನ್ನ ಅಭಿಪ್ರಾಯ. ಮಾತು ಕೊಟ್ಟ ದಿನವೇ ಅದನ್ನು ಉಳಿಸಿಕೊಳ್ಳುವ ಸಾಧನವೂ ಕೈಯಲ್ಲಿರುತ್ತದೆ.

ಇನ್ನು ಪಟ್ಟಿಯ ವಿಷಯ. ಶಾಸನದ ಕರಡು ಸಿದ್ಧಪಡಿಸುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಒಡಂಬಡಿಕೆಗೆ ಮೂರು ಅನುಸೂಚಿಗಳು, ಅಂದರೆ ರಾಸಾಯನಿಕಗಳ ಪಟ್ಟಿಗಳು, ಇರುವುದು ನಿಜ, ಆದರೆ ಅವು ಇರುವುದು ಘೋಷಣೆ ಮತ್ತು ತಪಾಸಣೆಗಾಗಿ. ಅಸ್ತ್ರ ಯಾವುದೆಂದು ನಿರ್ಧರಿಸುವುದು 2ನೇ ವಿಧಿ. ಅದರ ಪ್ರಕಾರ, ಕೈಗಾರಿಕೆ, ಕೃಷಿ, ವೈದ್ಯಕೀಯ, ಸಂಶೋಧನೆಯಂತಹ ನಿಷೇಧಿಸದ ಉದ್ದೇಶಗಳಿಗೆ, ಆ ಉದ್ದೇಶಕ್ಕೆ ತಕ್ಕ ಬಗೆ ಮತ್ತು ಪ್ರಮಾಣದಲ್ಲಿ ಇಟ್ಟುಕೊಂಡದ್ದನ್ನು ಬಿಟ್ಟು, ಯಾವುದೇ ವಿಷಕಾರಿ ರಾಸಾಯನಿಕವೂ ಅಸ್ತ್ರವೇ. ಕ್ಲೋರಿನ್ ಯಾವ ಅನುಸೂಚಿಯಲ್ಲಿಯೂ ಇಲ್ಲ. ನೀರು ಶುದ್ಧೀಕರಿಸುವ ಅದೇ ಅನಿಲವನ್ನು 1915ರ ಏಪ್ರಿಲಿನಲ್ಲಿ, ಮೊದಲ ಮಹಾಯುದ್ಧದ ವೇಳೆ, ಬೆಲ್ಜಿಯಂನ ಈಪ್ರ್ ಬಳಿಯ ಕಂದಕಗಳಲ್ಲಿದ್ದ ಸೈನಿಕರ ಮೇಲೆ ಬಿಡಲಾಗಿತ್ತು. 2018ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಬಳಕೆಯಾದ ನೊವಿಚೋಕ್ ವರ್ಗದ ನರವಿಷವೂ ಆಗ ಅನುಸೂಚಿಯಲ್ಲಿರಲಿಲ್ಲ. ಆ ವರ್ಗದ ಸೇರ್ಪಡೆ ಜಾರಿಗೆ ಬಂದದ್ದು 2020ರ ಜೂನ್‌ನಲ್ಲಿ. ಪಟ್ಟಿಯನ್ನಷ್ಟೇ ನಕಲು ಮಾಡಿಕೊಂಡ ದೇಶದಲ್ಲಿ ಇಂಥ ಪ್ರಕರಣ ನಡೆದರೆ ಕೊಲೆ ಯತ್ನದ ಆರೋಪ ಹೊರಿಸಬಹುದು, ಆದರೆ ರಾಸಾಯನಿಕ ಅಸ್ತ್ರದ ಆರೋಪಕ್ಕೆ ಆಧಾರವಿರುವುದಿಲ್ಲ.

ಹಾಗೆಂದು ವಿಶಾಲ ವ್ಯಾಖ್ಯೆಗೆ ತೊಡಕಿಲ್ಲವೆಂದಲ್ಲ. ಗಂಡನೊಡನೆ ಸಂಬಂಧವಿರಿಸಿಕೊಂಡಿದ್ದ ಸ್ನೇಹಿತೆಯ ಮನೆಬಾಗಿಲ ಹಿಡಿಗೂ ಅಂಚೆ ಪೆಟ್ಟಿಗೆಗೂ ರಾಸಾಯನಿಕ ಸವರಿದ ಮಹಿಳೆಯೊಬ್ಬರ ಮೇಲೆ ಅಮೆರಿಕದ ಸರ್ಕಾರ ತನ್ನ 1998ರ ಶಾಸನದಡಿಯೇ ಮೊಕದ್ದಮೆ ಹೂಡಿತು. ಆದ ಗಾಯ ಹೆಬ್ಬೆರಳಿನ ಸುಟ್ಟ ಗುರುತು ಮಾತ್ರ. ಇಂತಹ ಸ್ಥಳೀಯ ಅಪರಾಧವನ್ನು ಈ ಕಾನೂನು ಒಳಗೊಳ್ಳುವುದಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ತಪ್ಪು ವ್ಯಾಖ್ಯೆಯದ್ದಲ್ಲ, ಅದನ್ನು ಪ್ರಯೋಗಿಸಿದ ಸಂದರ್ಭದ್ದು ಎಂದು ನನಗೆ ತೋರುತ್ತದೆ.

ಒಡಂಬಡಿಕೆಗೆ ಸೇರದ ದೇಶಗಳೂ ಈ ಹೊಣೆಯಿಂದ ಪೂರ್ತಿ ಪಾರಾಗಿಲ್ಲ: ಸರ್ಕಾರೇತರ ಗುಂಪುಗಳ ಕೈಗೆ ಇಂಥ ಅಸ್ತ್ರಗಳು ಸಿಗದಂತೆ ಕಾನೂನು ಮಾಡಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2004ರ 1540ನೇ ನಿರ್ಣಯ ಎಲ್ಲ ದೇಶಗಳನ್ನೂ ಬದ್ಧಗೊಳಿಸಿದೆ.

ಪ್ರಶ್ನೆ: ನಮ್ಮದು ಸಣ್ಣ ರಾಸಾಯನಿಕ ಘಟಕ. ಸಾಬೂನು, ಸೌಂದರ್ಯವರ್ಧಕಗಳ ತಯಾರಿಕೆಗೆ ಟ್ರೈಎಥನಾಲಮೈನ್ ಬಳಸುತ್ತೇವೆ. ಅದು ಅನುಸೂಚಿಯಲ್ಲಿದೆ ಎಂದು ಕೇಳಿ ಗಾಬರಿಯಾಯಿತು. ನಾವೂ ಘೋಷಣೆ ಸಲ್ಲಿಸಬೇಕೆ?

ಉತ್ತರ: ಗಾಬರಿ ಬೇಡ. ಅದು 3ನೇ ಅನುಸೂಚಿಯಲ್ಲಿದೆ. ಅದರಿಂದ ಚರ್ಮದ ಮೇಲೆ ಗುಳ್ಳೆ ಎಬ್ಬಿಸುವ ವಿಷವಾದ ಒಂದು ಬಗೆಯ ನೈಟ್ರೋಜನ್ ಮಸ್ಟರ್ಡ್ ತಯಾರಿಸಲು ಸಾಧ್ಯವೆಂಬುದೇ ಕಾರಣ. ಒಡಂಬಡಿಕೆಯಡಿ ಈ ಅನುಸೂಚಿಯಲ್ಲಿ ಘೋಷಿಸಬೇಕಾದವರು ವರ್ಷಕ್ಕೆ 30 ಟನ್‌ಗಿಂತ ಹೆಚ್ಚು ಉತ್ಪಾದಿಸುವ ಘಟಕಗಳವರು; ಕೊಂಡು ಬಳಸುವವರಲ್ಲ. 2ನೇ ಅನುಸೂಚಿಯಲ್ಲಾದರೆ ಬಳಕೆಯೂ ಲೆಕ್ಕಕ್ಕೆ ಬರುತ್ತದೆ, ಮಿತಿಯೂ ಬಹಳ ಕಡಿಮೆ. ಉದಾಹರಣೆಗೆ, ಆ ಅನುಸೂಚಿಯಲ್ಲಿರುವ ಥಯೋಡೈಗ್ಲೈಕಾಲ್ ಎಂಬ ರಾಸಾಯನಿಕಕ್ಕೆ ಅದು ಒಂದು ಟನ್.

ಎಚ್ಚರ ಬೇಕಾದದ್ದು ರಫ್ತಿನಲ್ಲಿ. 3ನೇ ಅನುಸೂಚಿಯ ವಸ್ತುವನ್ನು ಒಡಂಬಡಿಕೆಯ ಹೊರಗಿನ ದೇಶಕ್ಕೆ ಕಳುಹಿಸುವಾಗ, ಅದನ್ನು ಅಂತಿಮವಾಗಿ ಯಾರು, ಯಾವುದಕ್ಕೆ ಬಳಸುತ್ತಾರೆಂಬ ಪ್ರಮಾಣಪತ್ರವನ್ನು ಆ ದೇಶದಿಂದ ಪಡೆಯಬೇಕಾಗುತ್ತದೆ. 1980ರ ದಶಕದಲ್ಲಿ ಇರಾಕಿಗೆ ಥಯೋಡೈಗ್ಲೈಕಾಲ್ ಪೂರೈಸಿದ ನೆದರ್ಲೆಂಡ್ಸಿನ ವ್ಯಾಪಾರಿಯೊಬ್ಬನನ್ನು ಹೇಗ್‌ನ ನ್ಯಾಯಾಲಯವು 2005ರಲ್ಲಿ ಯುದ್ಧಾಪರಾಧದಲ್ಲಿ ಸಹಭಾಗಿಯೆಂದು ಶಿಕ್ಷಿಸಿತು. ಆ ವಸ್ತುವಿನಿಂದ ಮಸ್ಟರ್ಡ್ ಅನಿಲ ತಯಾರಾಗಿತ್ತು. ನಿಮ್ಮ ದೇಶದ ಕಾನೂನು ಒಡಂಬಡಿಕೆಗಿಂತ ಬಿಗಿಯಾಗಿಯೂ ಇರಬಹುದು. ಆದ್ದರಿಂದ ಬಳಸುವ ವಸ್ತುವಿನ ಹೆಸರು ಮತ್ತು ವಾರ್ಷಿಕ ಪ್ರಮಾಣವನ್ನು ಬರೆದು ರಾಷ್ಟ್ರೀಯ ಪ್ರಾಧಿಕಾರದಿಂದ ಲಿಖಿತ ಉತ್ತರ ಪಡೆದಿಟ್ಟುಕೊಳ್ಳಿ.