ಬಾಲ ಹಿಡಿದವರ ಪರವಾಗಿ

ಶಿವಮೊಗ್ಗದ ಓದುಗರೊಬ್ಬರ ಕಾಗದ: ‘1981ರ ಡಯಾನಾ ಮದುವೆಯ ಹಳೇ ವಿಡಿಯೋ ನೋಡಿದೆ. ಗೌನಿನ ಹಿಂದೆ 25 ಅಡಿ ಬಾಲ! ಅದಕ್ಕೆ ಟ್ರೇನ್ ಅಂತಾರಂತೆ. ನೆಲ ಗುಡಿಸೋಕೆ ಅಷ್ಟು ರೇಷ್ಮೆ ಬೇಕಿತ್ತಾ? ನಮ್ಮ ಸೀರೆಯೇ ವಾಸಿ ಅಲ್ವಾ?’

ತಾಯಿ, ದುಂದು ಅನ್ನುವುದು ನಿಜ. ಅದರಲ್ಲಿ ಜಗಳವಿಲ್ಲ. ಆದರೆ ನಿಮ್ಮ ಅಜ್ಜಿಯ ಹದಿನೆಂಟು ಮೊಳದ ಸೀರೆ ಪೆಟ್ಟಿಗೆಯಲ್ಲಿದ್ದರೆ ಬಿಚ್ಚಿ ಅಳೆಯಿರಿ. 27 ಅಡಿ! ಡಯಾನಾ ಅವರದ್ದಕ್ಕಿಂತ 2 ಅಡಿ ಜಾಸ್ತಿ. ನಾವು ಮೈಗೆ ಸುತ್ತಿಕೊಂಡೆವು, ಅವರು ಹಿಂದೆ ಬಿಟ್ಟರು. ಉದ್ದದ ಲೆಕ್ಕ ಅಲ್ಲಿಗೆ ಮುಗಿಯಿತು.

ನನ್ನ ಕಣ್ಣು ಹೋಗುವುದು ತುದಿ ಹಿಡಿದವರ ಕಡೆಗೆ. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆ. ಟ್ರೇನ್ 18 ಅಡಿ, ಹಿಡಿಯಲು 12 ಹುಡುಗಿಯರು. ಅಷ್ಟು ಜನಕ್ಕೆ ಆ ಬಟ್ಟೆ ಸಾಲಲೇ ಇಲ್ಲ! ಒಬ್ಬಳ ಹಿಮ್ಮಡಿಗೆ ಇನ್ನೊಬ್ಬಳು ಒದ್ದುಕೊಂಡು, ಒಬ್ಬಳ ಗೌನು ಇನ್ನೊಬ್ಬಳು ತುಳಿದುಕೊಂಡು ಸಾಗಿದರು. ಅವರನ್ನು ಕೇಳಿದ್ದರೆ ಇನ್ನೂ ನಾಲ್ಕು ಮೊಳ ಇರಲಿ ಅನ್ನುತ್ತಿದ್ದರು.

ಡಯಾನಾ ಮದುವೆಯದು ಬೇರೆ ಫಜೀತಿ. ಟಫೇಟಾ ರೇಷ್ಮೆ ಬಲು ಬೇಗ ಸುಕ್ಕಾಗುತ್ತದೆ. ಗಾಜಿನ ಸಾರೋಟಿನಲ್ಲಿ ಅಪ್ಪ, ಮಗಳು ಕೂತ ಮೇಲೆ 25 ಅಡಿ ಬಟ್ಟೆಗೆ ಜಾಗ ಎಲ್ಲಿ? ಸೇಂಟ್ ಪಾಲ್ಸ್ ಚರ್ಚಿನ ಮೆಟ್ಟಿಲ ಬಳಿ ಇಳಿದಾಗ ಜಗತ್ತೇ ಆ ಸುಕ್ಕು ನೋಡಿತು. ಎಳೆದು ಸರಿಮಾಡಲು ಹೆಣಗಿದವರಲ್ಲಿ 13 ವರ್ಷದ ಹುಡುಗಿಯೊಬ್ಬಳಿದ್ದಳು. ಹೆಸರು ಇಂಡಿಯಾ ಹಿಕ್ಸ್, ವೈಸರಾಯ್ ಆಗಿದ್ದ ಮೌಂಟ್‌ಬ್ಯಾಟನ್ ಅವರ ಮೊಮ್ಮಗಳು. (ಇಂಡಿಯಾ ಆಗಲೂ ಅವರ ಬಾಲ ಹಿಡಿದಿತ್ತೇ ಎಂದು ನಗಬೇಡಿ.)

1947ರಲ್ಲಿ, ಮುಂದೆ ರಾಣಿಯಾದ ಎಲಿಜಬೆತ್ ಮದುವೆ. ಯುದ್ಧ ಮುಗಿದಿತ್ತು, ಬಟ್ಟೆಯ ರೇಷನ್ ಮುಗಿದಿರಲಿಲ್ಲ. ಮದುವೆ ಗೌನಿಗೆಂದು ಎಷ್ಟೋ ಹೆಂಗಸರು ತಮ್ಮ ಪಾಲಿನ ಬಟ್ಟೆ ಕೂಪನ್‌ಗಳನ್ನೇ ಅಂಚೆಯಲ್ಲಿ ಕಳಿಸಿದರು. ಬೇರೆಯವರ ಕೂಪನ್ ಬಳಸುವುದು ಕಾನೂನಿಗೆ ವಿರುದ್ಧ, ಹಾಗಾಗಿ ಎಲ್ಲ ವಾಪಸು ಹೋದವು. ಸುಮ್ನೆ ದುಂದು ಅನ್ನುವ ಮೊದಲು ಆ ಲಕೋಟೆಗಳನ್ನೂ ಸ್ವಲ್ಪ ನೆನೆಯಿರಿ.

2011ರಲ್ಲಿ ಡಯಾನಾ ಅವರ ಸೊಸೆ ಕೇಟ್ ಮದುವೆಗೆ ಟ್ರೇನ್ 9 ಅಡಿಗೆ ಇಳಿದಿತ್ತು. ಲೇಸು ಹೊಲಿದವರು ಅರ್ಧ ಗಂಟೆಗೊಮ್ಮೆ ಕೈ ತೊಳೆಯುತ್ತಿದ್ದರು, ಮೂರು ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರು. ಆದರೆ ಪತ್ರಿಕೆಗಳಿಗೆ ಬೇಕಾದದ್ದು ಡಿಸೈನರ್ ಹೆಸರು, ಅಡಿ ಲೆಕ್ಕ.

ನಮ್ಮಲ್ಲೂ ಅಷ್ಟೇ. ಲಗ್ನಪತ್ರಿಕೆಯಲ್ಲಿ ಸೋದರತ್ತೆಯ ಗಂಡನ ಡಿಗ್ರಿಯೂ ಇರುತ್ತದೆ, ದಂಡೆ ಕಟ್ಟಿದವಳ ಹೆಸರಿರುವುದಿಲ್ಲ. ನಾವೇನು ಸಾಚಾ ಅಲ್ಲ. ನಮ್ಮದೇ ಮದುವೆ ವಿಶೇಷಾಂಕವನ್ನು ನಿನ್ನೆ ತಿರುವಿ ಹಾಕಿದೆ. ಒಬ್ಬ ಟೈಲರ್ ಹೆಸರೂ ಸಿಗಲಿಲ್ಲ.

ಅದಿರಲಿ, ನಿಮ್ಮ ಧಾರೆ ಸೀರೆಗೆ ಕುಚ್ಚು ಹಾಕಿದವರು ಯಾರು? ನೆನಪಿದ್ದರೆ ಬರೆಯಿರಿ. ಕಾಗದ ಎಷ್ಟು ಉದ್ದ ಇದ್ದರೂ ಕತ್ತರಿ ಹಾಕುವುದಿಲ್ಲ.

— ಸಂ.