ಮೇಡಂ ಹೆಸರಿನ ಮುಂದ ಏನ್ ಬರೀಲಿ?

(ಆಕೆಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಆಪ್ತಸಮಾಲೋಚನೆಯ ಕೋಣೆ. ಮಳೆಗಾಲದ ಒಂದು ಸಂಜೆ ಬಂದವಳು ನಿದ್ದೆಯ ವಿಷಯ ಹೇಳಿದಳು. ರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ಎದೆ ಡವಡವ. ವಯಸ್ಸು 29, ಪಿಎಚ್‌.ಡಿ ನಾಲ್ಕನೇ ವರ್ಷ. ವಿಷಯ ತೊಗರಿಯ ನೆಟೆ ರೋಗ. ಆಳಂದ, ಚಿತ್ತಾಪುರದ ಹೊಲಗಳಿಂದ ಮಣ್ಣು, ಒಣಗಿದ ಗಿಡ ಚೀಲಕ್ಕೆ ತುಂಬಿ ಬಸ್ಸಿನಲ್ಲಿ ಹೊತ್ತು ತಂದವಳು.

ಮನೆ, ಮದುವೆ, ಊಟ ಎಲ್ಲ ಕೇಳಿದೆ. ಏನೂ ಸಿಗಲಿಲ್ಲ. ಹೊರಟವಳು ಬಾಗಿಲಲ್ಲಿ ನಿಂತು, "ಮೇಡಂ, ನಾ ಕಳವು ಮಾಡೀನೇನ್ರೀ?" ಅಂದಳು. ನಮ್ಮ ಕೆಲಸದಲ್ಲಿ ಅಸಲು ಮಾತು ಬಾಗಿಲಲ್ಲೇ ಬರೋದು ಜಾಸ್ತಿ. ಮತ್ತೆ ಕೂರಿಸಿದೆ.

ವಾಟ್ಸ್ಯಾಪ್‌ನಲ್ಲಿ ಜಾಹೀರಾತು ಬಂದ ಜರ್ನಲ್‌ಗೆ, ಅಂದ್ರೆ ಸಂಶೋಧನಾ ಪತ್ರಿಕೆಗೆ, ಲೇಖನ ಕಳಿಸಿದ್ದಳು. ಎರಡೇ ದಿನಕ್ಕೆ ಒಪ್ಪಿಗೆ. 24 ಗಂಟೆಯೊಳಗೆ 3,500 ರೂಪಾಯಿ ಕಟ್ಟಬೇಕು. ಅಣ್ಣ ತೊಗರಿಗೆ ಎಣ್ಣೆ ಹೊಡೆಯಲು ಇಟ್ಟಿದ್ದ ದುಡ್ಡನ್ನು ಹಾಸ್ಟೆಲ್ ಫೀ ಅಂತ ಹೇಳಿ ಇಸ್ಕೊಂಡು ಕಟ್ಟಿದಳು. ತಜ್ಞರ ವಿಮರ್ಶೆ ಅಂತ ಬಂದದ್ದನ್ನು ಮೊಬೈಲ್‌ನಲ್ಲಿ ತೋರಿಸಿದಳು. ನಾಲ್ಕೇ ಸಾಲು. ಮೂರನೆಯದರಲ್ಲಿ, ಬ್ಯಾಂಕ್ ಗ್ರಾಹಕರ ಸಮೀಕ್ಷೆ ಚೆನ್ನಾಗಿ ಮೂಡಿದೆ ಎಂದಿತ್ತು. ತೊಗರಿ ಬೇರಿನ ಲೇಖನಕ್ಕೆ! ನನಗೆ ನಗು ಬಂತು, ಆಕೆಗೆ ಅಳು. ನಾನು ನಗಬಾರದಿತ್ತು.

ಇನ್ನೊಂದು ಸಂಕಟ ಹೆಸರಿನದು. ಲೇಖಕರ ಜಾಗದಲ್ಲಿ ಆಕೆಯ ಹೆಸರು, ಗೈಡ್ ಹೆಸರು, ನಡುವೆ ಮೂರನೆಯದೊಂದು. ಗೈಡ್‌ಗೆ ಬೇಕಾದವರ ಮನೆಯವರು. ಬೇರೆ ಊರಲ್ಲಿ ಉಪನ್ಯಾಸಕಿ, ಬಡ್ತಿಗೆ ಅಂಕ ಬೇಕಂತೆ. ಈಕೆ ಅವರ ಮುಖವನ್ನೇ ಕಂಡಿಲ್ಲ. "ಒಂದ್ ಹೆಸರು ಹಾಕಿದ್ರ ನಿನ್ನ ಗಂಟೇನ್ ಹೋಗ್ತದ?" ಅಂದಿದ್ದರಂತೆ ಗೈಡ್ ಸರ್.

ನಾನು ಮನಸ್ಸಿನ ಕೆಲಸದವಳು, ಜರ್ನಲ್‌ಗಳ ಲೋಕ ಗೊತ್ತಿಲ್ಲ. ಆಕೆಯನ್ನು ಕೇಳಿಯೇ, ಹೆಸರು ಹೇಳದೆ, ಲೈಬ್ರರಿಯಲ್ಲಿ ದುಡಿದು ನಿವೃತ್ತಳಾದ ಗೆಳತಿಗೆ ಫೋನ್ ಮಾಡಿದೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2019ರಲ್ಲಿ ಶುರು ಮಾಡಿದ, ಒಪ್ಪಬಹುದಾದ ಜರ್ನಲ್‌ಗಳ 'ಕೇರ್' ಪಟ್ಟಿ 2025ರ ಫೆಬ್ರವರಿಯಲ್ಲಿ ನಿಂತಿದೆ, ಜರ್ನಲ್‌ನ ಯೋಗ್ಯತೆಯನ್ನು ಈಗ ಆಯಾ ಸಂಸ್ಥೆಗಳೇ ತೂಗಿ ನೋಡಬೇಕು ಅಂದಳು. ಇನ್ನೂ 'ಕೇರ್ ಲಿಸ್ಟೆಡ್' ಅಂತ ಬೋರ್ಡು ಹಾಕ್ಕೊಂಡವರನ್ನು ದೂರವಿಡು ಅಂದಳು. ಥೀಸಿಸ್ ಕೊಡುವ ಮೊದಲು ಲೇಖನ ಅಚ್ಚಾಗಿರಲೇಬೇಕು ಅನ್ನೋ ಷರತ್ತನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟಿದೆಯಾ ಅಂತ ನೋಡಿಕೊಳ್ಳಬೇಕು, ಅಷ್ಟೆ. ಇದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕಿತ್ತು ಅನ್ನೋದು ಬೇರೆ ಮಾತು.

ಹೆಸರಿನ ವಿಷಯಕ್ಕೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಅಳತೆ ಇದೆಯಂತೆ. ಕೆಲಸದಲ್ಲಿ ಗಟ್ಟಿ ಪಾಲು ಇರಬೇಕು. ಬರೆದಿರಬೇಕು ಇಲ್ಲವೇ ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿರಬೇಕು. ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಉತ್ತರ ಕೊಡಬೇಕು. ನಾಲ್ಕರಲ್ಲಿ ಒಂದು ಕಮ್ಮಿಯಾದರೂ ಲೇಖಕರಲ್ಲ.

ಮುಂದಿನ ಸಲ ಬಂದಾಗ ಹೇಳಿದೆ. "ನೋಡವ್ವಾ, ಮಣ್ಣು ಹೊತ್ತವಳು ನೀನು, ಅಂಕಿ ನಿನ್ನವು. ಇದು ಕಳವಲ್ಲ. ಆದ್ರೆ ಗೊತ್ತಿದ್ದೂ ಆ ಹೆಸರು ಬರೆದದ್ದು ತಪ್ಪು." ಸುಮ್ನೆ ಸಮಾಧಾನ ಹೇಳಿದ್ದರೆ ಆಕೆ ನಂಬುತ್ತಿರಲಿಲ್ಲ.

ಲೇಖನ ವಾಪಸ್ ಪಡೀತೀನಿ ಅಂತ ಅಲ್ಲೇ ಕೂತು ಇಮೇಲ್ ಬರೆಸಿದೆ. ಲೇಖನದ ಹಕ್ಕನ್ನು ಜರ್ನಲ್‌ಗೆ ಬಿಟ್ಟುಕೊಡುವ ಫಾರಂಗೆ ಇನ್ನೂ ಸಹಿ ಹಾಕಿರಲಿಲ್ಲ, ಅದೊಂದು ಪುಣ್ಯ. ವಾಪಸ್ ಆಯಿತು ಅಂತ ಬರವಣಿಗೆಯಲ್ಲಿ ಬರುವ ತನಕ ಬೇರೆಲ್ಲೂ ಕಳಿಸಬೇಡ ಅಂದೆ. ಒಂದೇ ಲೇಖನ ಒಂದೇ ಹೊತ್ತಿಗೆ ಎರಡು ಜರ್ನಲ್‌ನಲ್ಲಿದ್ದರೆ ಅದೂ ತಪ್ಪೇ. ದುಡ್ಡಿನ ಆಸೆ ಬಿಡು ಅಂತಲೂ ಹೇಳಿದೆ.

ಸರ್ ಮುಂದೆ ನಿಲ್ಲೋದೇ ದೊಡ್ಡ ಕೆಲಸವಾಗಿತ್ತು. ಥೀಸಿಸ್‌ಗೆ ಸಹಿ ಹಾಕುವವರು ಅವರೇ ಅಲ್ವಾ? ಜಗಳಕ್ಕೆ ಹೋಗಬೇಡ ಅಂದೆ. ಎಷ್ಟೋ ಜರ್ನಲ್‌ಗಳು ಯಾರು ಏನು ಮಾಡಿದರು ಅಂತ ಒಬ್ಬೊಬ್ಬರ ಹೆಸರಿನ ಎದುರು ಬರೆದುಕೊಡಲು ಕೇಳುತ್ತವೆ. ಅಂಥದ್ದೇ ಒಂದನ್ನು ಆರಿಸಿ, ಆ ಫಾರಂ ಹಿಡಿದು ಹೋಗು. ನಾನು ಸರ್ ಆಗಿ ಕುರ್ಚಿಯಲ್ಲಿ ಕೂತೆ, ಆಕೆ ಎದುರು ನಿಂತಳು. "ಸರ್, ಮೇಡಂ ಹೆಸರಿನ ಮುಂದ ಏನ್ ಬರೀಲಿ?" ಐದು ಸಲ ಹೇಳಿಸಿದೆ. ಮೂರು ಸಲ ದನಿಯೇ ಹೊರಡಲಿಲ್ಲ. ಐದನೇ ಸಲಕ್ಕೆ ನಕ್ಕಳು. ಅವರು ಒಪ್ಪದಿದ್ದರೆ ಸಂಶೋಧನಾ ಸಲಹಾ ಸಮಿತಿ ಇದೆ, ಆದರೆ ಅಲ್ಲಿಗೆ ಹೋಗೋದೂ ಬಿಡೋದೂ ನಿನ್ನ ನಿರ್ಧಾರ ಅಂದೆ. ಸೋತರೆ ಅನುಭವಿಸುವವಳು ಆಕೆ, ನಾನಲ್ಲ.

ಸರ್ ಫಾರಂ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. "ತೆಗಿ ಹಂಗಾದ್ರ" ಅಂದರಂತೆ. ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಆ ಎರಡು ವಾರ ನಿದ್ದೆ ಮತ್ತೆ ಕೆಟ್ಟಿತ್ತು. ಈಗ ಐದು ತಾಸು ಮಲಗುತ್ತಾಳೆ. ಲೇಖನ ಬೇರೆ ಜರ್ನಲ್‌ನಲ್ಲಿದೆ. ಮೂರು ತಿಂಗಳಾಯಿತು, ಉತ್ತರ ಬಂದಿಲ್ಲ.

ಹಾಸ್ಟೆಲ್ ಫೀ ಸುಳ್ಳನ್ನು ಅಣ್ಣನಿಗೆ ಹೇಳಿಬಿಡು ಅಂದಿದ್ದೆ. ಅದೊಂದು ಇನ್ನೂ ಆಗಿಲ್ಲ. ತೊಗರಿ ರಾಶಿ ಮುಗೀಲಿ ಅಂತಾಳೆ.